ಊರಿಲ್ಲದ ಧೂಳು

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರಿಗೆ ಧೂಳೆಂದರೆ ಎರಡೇ. ಬೇಸಿಗೆಯಲ್ಲಿ ಬಸ್ಸು ಎಬ್ಬಿಸುವ ಕೆಂಪು ಧೂಳು, ಚಾಲಿ ಅಡಿಕೆ ಸುಲಿಯುವಾಗ ಮೂಗಿಗೆ ಅಡರುವ ಧೂಳು. ಎರಡೂ ನಮ್ಮೂರಿನವೇ, ಯಾರನ್ನು ಬೈಯಬೇಕೆಂದು ಎಲ್ಲರಿಗೂ ಗೊತ್ತು.

ಹೊಸನಗರದ ಹತ್ತಿರದ ಅಡಿಕೆ ಬೆಳೆಗಾರರೊಬ್ಬರಿಗೆ ಹಳೆಯ ಉಬ್ಬಸ. ಮುಂಬೈ ಸೇರಿದ ಮಗಳಿಗೂ ಅದೇ ಬಳುವಳಿ. 2022ರ ಜನವರಿ 23ರಂದು ಅವಳ ಫೋನು ಬಂತು.

‘ಅಪ್ಪಯ್ಯ, ಎದುರಿನ ಕಟ್ಟಡವೇ ಮಸುಕು. ಕಾರಿನ ಮೇಲೆಲ್ಲ ಬಿಳೀ ಹುಡಿ. ಉಸಿರು ಕಟ್ತಿದೆ.’

‘ರಸ್ತೆ ಅಗೀತಿದಾರೇನೇ?’

‘ಅಲ್ಲ, ಪಾಕಿಸ್ತಾನದ ಧೂಳಂತೆ!’

ಅಪ್ಪಯ್ಯ ನಂಬಲಿಲ್ಲ. ಮಾತು ಮಾತ್ರ ನಿಜವಾಗಿತ್ತು. ಹಿಂದಿನ ದಿನ ಕರಾಚಿಯನ್ನು ಮುಸುಕಿದ ಧೂಳುಗಾಳಿ ಗುಜರಾತು, ಮುಂಬೈವರೆಗೂ ಬಂದಿತ್ತು. ದಪ್ಪ ಮರಳು ಹತ್ತಿರದಲ್ಲೇ ಉದುರುತ್ತದೆ. ಕೂದಲೆಳೆಗಿಂತ ಎಷ್ಟೋ ಸಣ್ಣ ಕಣಗಳು ದಿನಗಟ್ಟಲೆ ತೇಲುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವವೂ ಅವೇ.

ಮಗಳು ಕಿಟಕಿ ಮುಚ್ಚಿ, ಇನ್‌ಹೇಲರ್ ಹಿಡಿದು ಆ ರಾತ್ರಿ ಕಳೆದಳು. ಇಲ್ಲಿ ಅಪ್ಪಯ್ಯನಿಗೂ ನಿದ್ದೆಯಿಲ್ಲ.

ಅಂದಿನಿಂದ ಬೇಸಿಗೆಯಲ್ಲಿ ಕೊಡಚಾದ್ರಿ ಮಬ್ಬಾದರೆ, ಅದು ಕಾಡುಬೆಂಕಿಯ ಹೊಗೆಯೇ ಇರಲಿ, ‘ಯಾವೂರ ಧೂಳೋ’ ಎನ್ನುತ್ತಾರೆ.

ಮುಂದೊಮ್ಮೆ ಮಗಳು ಇನ್ನೊಂದು ಸಂಗತಿ ಹೇಳಿದಳು. ಅರಬಸ್ತಾನದ ಧೂಳು ಅರಬ್ಬೀ ಸಮುದ್ರದ ಮೇಲೆ ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ. ಆ ಸೆಳೆತಕ್ಕೆ ತೇವದ ಗಾಳಿ ನುಗ್ಗಿ, ವಾರದೊಳಗೆ ಮಧ್ಯ ಭಾರತದಲ್ಲಿ ಮಳೆ ಹೆಚ್ಚುತ್ತದೆ ಎಂದು 2014ರಲ್ಲೇ ವಿಜ್ಞಾನಿಗಳು ಬರೆದಿದ್ದರಂತೆ.

‘ಹಂಗಾರೆ ಇದನ್ನ ಬೈಯೋ ಹಂಗೂ ಇಲ್ಲ ಅನ್ನು’ ಎಂದರು ಅಪ್ಪಯ್ಯ. ಸ್ವಲ್ಪ ತಡೆದು ಕೇಳಿದರು: ‘ಇನ್‌ಹೇಲರ್ ಕೈಚೀಲದಲ್ಲೇ ಇದೆಯಲ್ಲ?’