ಎರಡು ಪಟ್ಟು ಓಡುವ ಹಾಡು

ಮೈಸೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ವಾಟ್ಸಾಪ್‌ನ ವಾಯ್ಸ್ ಮೆಸೇಜನ್ನು ಎರಡು ಪಟ್ಟು ವೇಗದಲ್ಲಿ ಕೇಳುತ್ತಿದ್ದರು. ಯಾರೋ ಭಾವಮೈದ ಜಮೀನಿನ ಪೋಡಿ ವಿಚಾರವನ್ನು ಉಸಿರು ಬಿಡದೆ ಒದರುತ್ತಿದ್ದ. ಹಿರಿಯರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಕಿಟಕಿ ಪಕ್ಕ ಕೂತಿದ್ದ ಈ ಲೇಖಕನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಪೋಡಿಯಲ್ಲಿ ನಗುವಂಥದ್ದೇನೂ ಇಲ್ಲ. ಆ ಲಗುಬಗೆಯ ದನಿ ಅವನನ್ನು ಕುಕ್ಕರಹಳ್ಳಿ ಕೆರೆ ಏರಿಗೆ ಒಯ್ದಿತ್ತು.

ಮಾನಸಗಂಗೋತ್ರಿಯಲ್ಲಿ ಓದುವಾಗ ಅವನೂ ಗೆಳೆಯರೂ ಸೇರಿ ಒಂದು ಹಾಡಿನ ವಿಡಿಯೊ ಮಾಡಿದ್ದರು. ವಿರಹದ ಹಾಡು (ಆ ವಯಸ್ಸಿನಲ್ಲಿ ಬೇರೆ ಯಾವುದಿರುತ್ತದೆ?). ರಾಗ ಹಾಕಿದವನು ಹಾಸ್ಟೆಲಿನವನು, ಕ್ಯಾಮೆರಾ ಮದುವೆ ಫೋಟೊಗ್ರಾಫರೊಬ್ಬರಿಂದ ಎರವಲು. ನಾಯಕ ಏರಿಯ ಮೇಲೆ ಸ್ಲೋ ಮೋಷನ್ನಿನಲ್ಲಿ ನಡೆಯಬೇಕು, ಕೂದಲು ಗಾಳಿಗೆ ನಿಧಾನವಾಗಿ ಹಾರಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡಬೇಕು. ಅದಕ್ಕೊಂದು ಉಪಾಯವಿದೆ. ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕುವುದು, ನಾಯಕ ಅದೇ ವೇಗದಲ್ಲಿ ಹಾಡುವುದು, ಕ್ಯಾಮೆರಾ ಸೆಕೆಂಡಿಗೆ 50 ಫ್ರೇಮು ಹಿಡಿಯುವುದು, ಆಮೇಲೆ 25ರಂತೆ ತೋರಿಸುವುದು. ಕೋಲ್ಡ್‌ಪ್ಲೇ ತಂಡ ‘ಯೆಲ್ಲೊ’ ಹಾಡಿನ ವಿಡಿಯೊವನ್ನು ಇಂಗ್ಲೆಂಡಿನ ಸ್ಟಡ್‌ಲ್ಯಾಂಡ್ ಕಡಲ ದಂಡೆಯಲ್ಲಿ ತೆಗೆದದ್ದು ಹೀಗೆಯೇ. ಅಲ್ಲಿ ಕ್ರಿಸ್ ಮಾರ್ಟಿನ್ ನಡೆದರೆ, ಇಲ್ಲಿ ನಮ್ಮ ನಾಯಕ ನಡೆದ.

ವೇಗ ಇಮ್ಮಡಿಯಾದರೆ ದನಿಯೂ ಒಂದು ಸ್ಥಾಯಿ ಮೇಲೇರುತ್ತದೆ. 1958ರಲ್ಲಿ ರಾಸ್ ಬಗ್ಡಸೇರಿಯನ್ ಎಂಬ ಅಮೆರಿಕದವನು ಇದೇ ಗುಟ್ಟು ಹಿಡಿದು ಅಳಿಲುಮರಿಗಳ ಹಾಡುತಂಡವನ್ನೇ ಹುಟ್ಟುಹಾಕಿ ಹೆಸರು ಮಾಡಿದ. ಕುಕ್ಕರಹಳ್ಳಿಯಲ್ಲಿ ಎದೆಯೊಡೆದ ಪ್ರೇಮಿಯ ಗೋಳು ಆ ಅಳಿಲುಗಳ ಕಂಠದಲ್ಲಿ ಹೊರಟಿತು. ಬೆಳಗಿನ ವಾಕಿಂಗಿಗೆ ಬಂದ ಅಜ್ಜ ನಿಂತು ಕೇಳಿದರು:

‘ಏನಪ್ಪಾ, ಮಕ್ಕಳ ಹಾಡಾ?’

‘ಇಲ್ಲ ಸಾರ್, ವಿರಹ.’

ತುಟಿ ಒಬ್ಬರದು, ದನಿ ಇನ್ನೊಬ್ಬರದು ಎಂಬ ಈ ತಾಪತ್ರಯ ನಮ್ಮ ಮೊದಲ ಟಾಕಿಗಳಿಗೆ ಇರಲಿಲ್ಲ. 1934ರ ‘ಸತಿ ಸುಲೋಚನ’ದ ಕಾಲದಲ್ಲಿ ನಟರು ನಿಂತಲ್ಲೇ ಹಾಡಬೇಕಿತ್ತು. ಮರುವರ್ಷ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ ನಿತಿನ್ ಬೋಸ್ ‘ಧೂಪ್ ಛಾಂವ್’ಗೆ ಹಾಡನ್ನು ಮೊದಲೇ ಮುದ್ರಿಸಿಕೊಂಡು ಚಿತ್ರೀಕರಿಸಿದರು. ಪಂಕಜ್ ಮಲ್ಲಿಕ್ ಗ್ರಾಮಫೋನಿನ ಜೊತೆ ದನಿಗೂಡಿಸುತ್ತಿದ್ದುದನ್ನು ಕೇಳಿಯೇ ಬೋಸರಿಗೆ ಅದು ಹೊಳೆಯಿತು ಎಂಬ ಕಥೆಯಿದೆ. ನಿಜವೋ ಸುಳ್ಳೋ, ನಂಬಲು ಹಿತವಾಗಿದೆ.

ಆಮೇಲಿನದೆಲ್ಲ ಕನ್ನಡಿಗರಿಗೆ ಬಾಯಿಪಾಠ. ರಾಜಕುಮಾರ್ ತುಟಿ, ಪಿ.ಬಿ. ಶ್ರೀನಿವಾಸ್ ಕಂಠ. ಎರಡೂ ಒಬ್ಬರವೇ ಎಂದು ನಂಬಿದ ಅಜ್ಜಿಯರು ಪ್ರತಿ ಊರಲ್ಲೂ ಇದ್ದರು. ರಾಜಕುಮಾರ್ ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದವರು. ಹಾಡಲು ಬಾರದವನಿಗೆ ಅಲ್ಲಿ ದೊಡ್ಡ ಪಾತ್ರ ಸಿಗುವುದು ಕಷ್ಟ. ಹಾಗಾಗಿಯೇ ಇರಬೇಕು, ಬೇರೆಯವರ ದನಿಗೆ ಬಾಯಾಡಿಸುವಾಗಲೂ ಅವರು ಉಸಿರೆಳೆಯುವ ಜಾಗ ತಪ್ಪಿಸುತ್ತಿರಲಿಲ್ಲ. 1974ರಲ್ಲಿ ‘ಸಂಪತ್ತಿಗೆ ಸವಾಲ್’ಗಾಗಿ ಎಮ್ಮೆಯ ಮೇಲೆ ಕೂತು ತಾವೇ ಹಾಡಿದ ಮೇಲಂತೂ ಕಂಠದ ಹಂಗು ಹರಿಯಿತು. ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ ಈ ಲೇಖಕನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು 1993ರ ‘ಮುದ್ದಿನ ಮಾವ’. ಮಾವನ ಪಾತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಅಳಿಯನಾಗಿ ಶಶಿಕುಮಾರ್. ದೀಪಾವಳಿಯ ಹಾಡಿನಲ್ಲಿ ಎಸ್‌ಪಿಬಿಗೆ ಕಂಠ ಕೊಟ್ಟವರು ರಾಜಕುಮಾರ್! ಎಸ್‌ಪಿಬಿಯ ಕಂಠ ಹೋದದ್ದು ಶಶಿಕುಮಾರ್‌ಗೆ. ದಕ್ಷಿಣದ ನಾಯಕರಿಗೆಲ್ಲ ದನಿ ಕೊಟ್ಟ ಗಾಯಕ ತಾನು ನಟನ ದನಿಗೆ ಬಾಯಾಡಿಸುತ್ತ, ತನ್ನದೇ ದನಿ ಎದುರಿನವನ ಬಾಯಿಂದ ಹೊರಡುವುದನ್ನು ನೋಡುತ್ತ ನಿಲ್ಲಬೇಕು. ಅದೂ ಹಬ್ಬದ ನಗು ಕೆಡದಂತೆ. ಅಂದಿನ ಸೆಟ್ಟಿನಲ್ಲಿ ಒಂದು ಮೂಲೆಯಲ್ಲಿ ನಿಂತಿರುವ ಭಾಗ್ಯ ಸಿಕ್ಕಿದ್ದರೆ ಈತ ತನ್ನ ಎಂ.ಎ. ಪದವಿಯನ್ನು ಖುಷಿಯಿಂದ ವಾಪಸು ಕೊಡುತ್ತಿದ್ದ. ಕನ್ನಡ ಸಿನಿಮಾದ ಹಾಡುಗಳಲ್ಲಿ ಇಷ್ಟು ಸೊಗಸಾದ ಅದಲುಬದಲು ಇನ್ನೊಂದಿಲ್ಲ.

ಕೆರೆ ಏರಿಯ ನಾಯಕನಿಗೆ ಇಂಥ ಪರಂಪರೆಯ ಗೊಡವೆಯೇ ಇರಲಿಲ್ಲ. ನಾಚಿಕೆಗೆ ದನಿ ಹೊರಡಿಸದೆ ಬರಿದೇ ತುಟಿ ಆಡಿಸಿದ. ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದರೆ ತುಟಿ ಕೂಡಿದೆ, ಗಂಟಲು ಅಲ್ಲಾಡಿಲ್ಲ. ಆಸಾಮಿ ಎಲೆಯಡಿಕೆ ಜಗಿಯುತ್ತಿರುವಂತಿತ್ತು. ಎರಡನೆಯ ಭಾನುವಾರ ಅವನನ್ನು ಗದರಿಸಿ, ಅಳಿಲಿನ ವೇಗದಲ್ಲೇ ಗಟ್ಟಿಯಾಗಿ ಕಿರುಚಿ ಹಾಡಿಸಿದರು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಅರ್ಧ ವೇಗಕ್ಕೆ ಇಳಿಸಿದಾಗ ಅದೇ ಕೆಂಪು ಮುಖದಲ್ಲಿ ದುಃಖ ಕಂಡಿತು. ವಿಭಾಗದ ಸಮಾರಂಭದಲ್ಲಿ ವಿಡಿಯೊ ತೋರಿಸಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳೆಂದು ನಾಯಕ ಇಂದಿಗೂ ಸಾಧಿಸುತ್ತಾನೆ. ಸಾಕ್ಷಿಯಿಲ್ಲ.

ಈಗಿನ ವಿದ್ಯಾರ್ಥಿಗಳ ಜೇಬಿನ ಮೊಬೈಲಿನಲ್ಲೇ ಸ್ಲೋ ಮೋಷನ್ ಇದೆ, ಎರವಲು ಕ್ಯಾಮೆರಾ ಬೇಕಿಲ್ಲ. ಹಾಡು ತೆಗೆಯಲು ಹೊರಟಿದ್ದರೆ ಎರಡು ಪಟ್ಟು ವೇಗದ ಟ್ರ್ಯಾಕನ್ನು ವಾರ ಮೊದಲೇ ನಟನಿಗೆ ಕೊಡಿ, ಬಾಯಾಡಿಸಲು ಬಿಡದೆ ಗಟ್ಟಿಯಾಗಿ ಹಾಡಿಸಿ. ಟ್ಯೂಬ್‌ಲೈಟಿನ ಕೆಳಗೆ ತೆಗೆಯುವುದಾದರೆ ಷಟರನ್ನು 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು. ಲೆಕ್ಕ ತಪ್ಪಿದರೆ ಚಿತ್ರ ಮಿಣುಕುತ್ತದೆ.