ಸೋತ ದಿನದ ಜೋ ಲೂಯಿಸ್

ನಾನು ಸ್ವಭಾವತಃ ಸಾಧುಪ್ರಾಣಿ. ಬೀದಿಯಲ್ಲಿ ಇಬ್ಬರು ಏರುದನಿಯಲ್ಲಿ ಮಾತನಾಡತೊಡಗಿದರೆ ಆಚೆಯ ಬದಿಯಿಂದ ಮೆಲ್ಲನೆ ಸಾಗಿಹೋಗುವವನು. ಇಂಥವನಿಗೆ ಮುಷ್ಟಿಕಾಳಗದಲ್ಲಿ ಆಸಕ್ತಿಯೇ ಎಂದು ಮನೆಯವರು ನಗುವುದುಂಟು. ನಿಜವನ್ನು ಹೇಳಬೇಕಾದರೆ ನನ್ನ ಆಸಕ್ತಿಯೆಲ್ಲವೂ ಒಬ್ಬನೇ ಮುಷ್ಟಿಮಲ್ಲನಲ್ಲಿ. ಅವನೂ ನನಗೆ ಪಿತ್ರಾರ್ಜಿತವಾಗಿ ಬಂದವನು.

ನಮ್ಮ ತಂದೆಯವರ ತಗಡಿನ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಎರಡು ಚಿತ್ರಗಳನ್ನು ಅಂಟಿಸಿದ್ದಿತು. ಒಂದು ಶಾರದಾಂಬೆಯದು, ಮತ್ತೊಂದು, ಯಾವುದೋ ವೃತ್ತಪತ್ರಿಕೆಯಿಂದ ಕತ್ತರಿಸಿ ತೆಗೆದ ಜೋ ಲೂಯಿಸನದು. ಈ ಎರಡು ಚಿತ್ರಗಳಿಗೂ ಇರುವ ಸಂಬಂಧವೇನೆಂದು ಬಾಲ್ಯದಲ್ಲಿ ಒಮ್ಮೆ ಕೇಳಿದೆನು. "ಇಬ್ಬರೂ ಅನಾವಶ್ಯಕವಾಗಿ ನಗುವವರಲ್ಲ" ಎಂದು ಹೇಳಿ ತಾವೇ ನಕ್ಕರು.

ಲೂಯಿಸನು ನಗದಿದ್ದುದಕ್ಕೆ ಕಾರಣವಿದ್ದಿತು. 1914ರಲ್ಲಿ ಅಮೆರಿಕದ ಅಲಬಾಮಾ ಪ್ರಾಂತದಲ್ಲಿ, ಹೊಲವನ್ನು ವಾರಕ್ಕೆ ಗೇಯುತ್ತಿದ್ದ ಕಪ್ಪು ಜನಾಂಗದ ಬಡ ಮನೆಯಲ್ಲಿ ಅವನು ಹುಟ್ಟಿದನು. ಕುಟುಂಬವು ಡೆಟ್ರಾಯಿಟ್ ನಗರಕ್ಕೆ ಬಂದ ಮೇಲೆ, ತಾಯಿ ಪಿಟೀಲು ಕಲಿಯಲೆಂದು ಕೊಡುತ್ತಿದ್ದ ಹಣವನ್ನು ಅವನು ಮುಷ್ಟಿಮಲ್ಲರ ಗರಡಿಗೆ ತೆತ್ತನೆಂದು ಕಥೆ. ಅವನಿಗಿಂತ ಹಿಂದೆ ಜಾಕ್ ಜಾನ್ಸನ್ ಎಂಬ ಕಪ್ಪು ಜನಾಂಗದ ಮಲ್ಲನು 1908ರಿಂದ 1915ರ ವರೆಗೆ ಜಗಜ್ಜಟ್ಟಿಯಾಗಿದ್ದನು. ಅವನ ನಗೆಯನ್ನೂ ಠೀವಿಯನ್ನೂ ಬಿಳಿಯರು ಸಹಿಸಲಿಲ್ಲ. ಅನಂತರ ಇಪ್ಪತ್ತು ವರ್ಷಗಳಿಗೂ ಮೀರಿ ಆ ಜನಾಂಗದವರಿಗೆ ಆ ಪದವಿಗಾಗಿ ಹೋರಾಡುವ ಅವಕಾಶವೇ ದೊರೆಯಲಿಲ್ಲ. ಆದುದರಿಂದಲೇ ಲೂಯಿಸನ ಹಿತಚಿಂತಕರು, ಬಿದ್ದ ಎದುರಾಳಿಯ ಮುಂದೆ ನಗಕೂಡದೆಂದು ಅವನಿಗೆ ಕಟ್ಟು ಮಾಡಿದ್ದರು.

1936ರ ಜೂನ್ 19ರಂದು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನು ಅವನನ್ನು 12ನೆಯ ಸುತ್ತಿನಲ್ಲಿ ಕೆಡವಿದನು. ಲೂಯಿಸನು ಎಡಗೈಯಿಂದ ಗುದ್ದಿದ ಮೇಲೆ ಆ ಕೈಯನ್ನು ತುಸು ಕೆಳಗೆ ತರುವನೆಂಬುದನ್ನೂ, ಆ ಕ್ಷಣದಲ್ಲಿ ಅವನ ದವಡೆಗೆ ಕಾವಲಿಲ್ಲವೆಂಬುದನ್ನೂ ಷ್ಮೆಲಿಂಗನು ಮೊದಲೇ ಕಂಡುಕೊಂಡಿದ್ದನು. ಲೂಯಿಸನು ಸೋತುದರಿಂದ ಎದೆಗೆಡಲಿಲ್ಲ, ತಪ್ಪನ್ನು ತಿದ್ದಿಕೊಂಡನು. 1937ರ ಜೂನ್ 22ರಂದು ಬ್ರಾಡಕನನ್ನು ಸೋಲಿಸಿ ಜಗಜ್ಜಟ್ಟಿಯಾದನು. ಸರಿಯಾಗಿ ಒಂದು ವರ್ಷಕ್ಕೆ, ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಸುಮಾರು 70,000 ಜನರ ಎದುರಿಗೆ ಷ್ಮೆಲಿಂಗನೇ ಮತ್ತೆ ಎದುರಾದನು. ಹಿಟ್ಲರನ ಜರ್ಮನಿಯು ತನ್ನ ಜನಾಂಗದ ಹಿರಿಮೆಗೆ ಷ್ಮೆಲಿಂಗನನ್ನು ಸಾಕ್ಷಿಯಾಗಿ ಮೆರೆಸುತ್ತಿದ್ದಿತು. ಕಾಳಗವು 124 ಸೆಕೆಂಡುಗಳಲ್ಲಿ ಮುಗಿದುಹೋಯಿತು. ತನ್ನ ದಕ್ಷಿಣ ಪ್ರಾಂತಗಳ ಊಟದ ಮನೆಗಳಲ್ಲಿ ಬಿಳಿಯರ ಪಕ್ಕದಲ್ಲಿ ಲೂಯಿಸನಿಗೆ ಎಡೆ ಕೊಡದ ಅಮೆರಿಕವು ಅಂದು ಅವನನ್ನು "ನಮ್ಮವನು" ಎಂದು ಕೂಗಿ ಕುಣಿಯಿತು.

ತಂದೆಯವರು ಈ ಕಥೆಯನ್ನು ನೂರು ಸಲ ಹೇಳಿದ್ದರು. ಆ ಕಾಳಗದ ಹಳೆಯ ಚಲಚ್ಚಿತ್ರವು ಈಗ ಅಂಗೈಯಗಲದ ಮೊಬೈಲಿನಲ್ಲಿಯೇ ದೊರಕುತ್ತದೆ. ಲೂಯಿಸನಲ್ಲಿ ಅಬ್ಬರವಿಲ್ಲ, ವ್ಯರ್ಥವಾದ ಒಂದು ಹೆಜ್ಜೆಯಿಲ್ಲ. ಕೈ ಚಲಿಸಿದ ದೂರವು ಗೇಣಿಗಿಂತ ಹೆಚ್ಚಿಲ್ಲವೆಂದು ತೋರುತ್ತದೆ. ಅಷ್ಟರಲ್ಲಿಯೇ ಎದುರಾಳಿಯ ಕಾಲು ಕುಸಿಯುತ್ತದೆ. ಈ ಮಿತವ್ಯಯಕ್ಕೆ ನಾನು ಮಾರುಹೋದೆನು. 11 ವರ್ಷ 8 ತಿಂಗಳ ಕಾಲ ಪದವಿಯನ್ನುಳಿಸಿಕೊಂಡು, 25 ಸಲ ಅದನ್ನು ಕಾಪಾಡಿಕೊಂಡು, 1949ರ ಮಾರ್ಚಿಯಲ್ಲಿ ಅವನು ನಿವೃತ್ತನಾದನು. ತಂದೆಯವರ ಕಥೆಯು ಇಲ್ಲಿಗೆ ಮುಗಿಯುತ್ತಿದ್ದಿತು.

ಮುಂದಿನದನ್ನು ನಾನಾಗಿಯೇ ಓದಿ ತಿಳಿಯಬೇಕಾಯಿತು. ಕೈಯಲ್ಲಿ ಅಷ್ಟು ಮಿತವಾಗಿದ್ದವನು ಹಣದಲ್ಲಿ ಮಿತವನ್ನರಿಯನು. ಕೇಳಿದವರಿಗೆ ಕೊಟ್ಟನು, ಕೇಳದವರಿಗೂ ಕೊಟ್ಟನು. 1942ರಲ್ಲಿ ಎರಡು ಕಾಳಗಗಳ ತನ್ನ ಸಂಪಾದನೆಯನ್ನು ನೌಕಾದಳದ ಮತ್ತು ಭೂಸೇನೆಯ ಪರಿಹಾರನಿಧಿಗಳಿಗೆ ಅರ್ಪಿಸಿ ತಾನೂ ಸೈನಿಕನಾಗಿ ಸೇರಿದನು. ಆದರೆ ತೆರಿಗೆಯ ಬಾಕಿಯು ಬಡ್ಡಿಯೊಡನೆ ಬೆಳೆದು 5 ಲಕ್ಷ ಡಾಲರುಗಳನ್ನು ಮೀರಿತು. ಅದನ್ನು ತೀರಿಸಲು ಅವನು ಬಲ್ಲ ದಾರಿ ಒಂದೇ. 1950ರಲ್ಲಿ ಮರಳಿ ಕಣಕ್ಕಿಳಿದು ಎಜರ್ಡ್ ಚಾರ್ಲ್ಸನಿಗೆ ಸೋತನು. ಆದರೂ ನಿಲ್ಲಿಸಲಿಲ್ಲ. 1951ರ ಅಕ್ಟೋಬರ್ 26ರ ರಾತ್ರಿ, 37 ವರ್ಷದ ಲೂಯಿಸನನ್ನು 28 ವರ್ಷದ ರಾಕಿ ಮಾರ್ಸಿಯಾನೋ 8ನೆಯ ಸುತ್ತಿನಲ್ಲಿ ಹಗ್ಗಗಳ ನಡುವಿನಿಂದ ಹೊರಕ್ಕೆ ಉರುಳುವಂತೆ ಹೊಡೆದನು. ಮಾರ್ಸಿಯಾನೋ ಬಾಲ್ಯದಿಂದ ಲೂಯಿಸನ ಅಭಿಮಾನಿ. ಗೆದ್ದವನೇ ಸೋತವನ ಕೋಣೆಗೆ ಹೋಗಿ ಅತ್ತನಂತೆ.

ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಮೈಸೂರಿನ ಜಟ್ಟಿಗಳು ನೆನಪಾದರು. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಒಬ್ಬನ ತಲೆಯಿಂದ ನೆತ್ತರು ಕಾಣಿಸಿತೋ ಇಲ್ಲವೋ, ಕಾಳಗ ಮುಗಿಯಿತು. ಇನ್ನು ಸಾಕೆಂದು ಹೇಳುವ ಭಾರವನ್ನು ಆ ಸಂಪ್ರದಾಯವು ಜಟ್ಟಿಯ ಮೇಲೆ ಹೊರಿಸಿಲ್ಲ. ಲೂಯಿಸನಿಗೆ ಅಂಥ ಕಟ್ಟಳೆಯ ಆಸರೆ ಇರಲಿಲ್ಲ. ಸಾಲಗಾರನು ಸಾಕೆನ್ನನು, ಅಭಿಮಾನಿಯೂ ಸಾಕೆನ್ನನು. ಇನ್ನೊಮ್ಮೆ ಅವನನ್ನು ಕಣದಲ್ಲಿ ನೋಡಬೇಕೆಂಬ ನಮ್ಮಂಥವರ ಆಸೆಯೇ ಟಿಕೆಟಿನ ಹಣವಾಗಿ ಅವನನ್ನು ಮತ್ತೆ ಮತ್ತೆ ಒಳಕ್ಕೆ ದೂಡಿತು.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳದೆ ಇರಲಾರೆ. ತಂದೆಯವರು ಉಪಾಧ್ಯಾಯರಾಗಿದ್ದರು. ನಿವೃತ್ತರಾದ ಮೇಲೂ ಹನ್ನೊಂದು ವರ್ಷ, ಬೆಳಗ್ಗೆ ಐದು ಗಂಟೆಗೆದ್ದು ಮನೆಮನೆಗೆ ಹೋಗಿ ಪಾಠ ಹೇಳಿದರು. ಮಂಡಿನೋವಿದ್ದಿತು, ಕಣ್ಣು ಮಂಜಾಗಿದ್ದಿತು. "ಈ ವಯಸ್ಸಿನಲ್ಲಿಯೂ ಎಂಥ ಉತ್ಸಾಹ!" ಎಂದು ನಾನು ಬಂದವರೆದುರಿಗೆಲ್ಲ ಹೊಗಳುತ್ತಿದ್ದೆನು. ಅವರು ತೀರಿಕೊಂಡ ಮೇಲೆ ಆ ತಗಡಿನ ಪೆಟ್ಟಿಗೆಯಲ್ಲಿ ಒಂದು ಸಾಲದ ಲೆಕ್ಕದ ಪುಸ್ತಕ ಸಿಕ್ಕಿತು. ನನ್ನ ಓದಿಗಾಗಿ ಮಾಡಿದ ಸಾಲ. ಕೊನೆಯ ಕಂತನ್ನು ಕಟ್ಟಿದ ತಿಂಗಳೇ ಅವರು ಪಾಠ ನಿಲ್ಲಿಸಿದ್ದರು. ಆ ವರ್ಷಗಳಲ್ಲೆಲ್ಲ ನಾನು ಸಂಬಳ ತರುತ್ತಿದ್ದವನೇ. ಹೊಗಳಿದೆನೇ ಹೊರತು, "ಇನ್ನೇಕೆ ದುಡಿಯುತ್ತೀರಿ, ಅಪ್ಪ?" ಎಂದು ಒಮ್ಮೆಯೂ ಕೇಳಲಿಲ್ಲ.

ಲೂಯಿಸನು ಕಡೆಯ ವರ್ಷಗಳಲ್ಲಿ ಲಾಸ್ ವೇಗಾಸಿನ ಒಂದು ಜೂಜಿನ ಹೋಟೆಲಿನಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸದಲ್ಲಿದ್ದನು. ಅವನ ಕಷ್ಟಕಾಲದಲ್ಲಿ ಹಣದ ನೆರವಿತ್ತವರಲ್ಲಿ ಷ್ಮೆಲಿಂಗನೂ ಒಬ್ಬನು. ನಾಜಿಗಳ ಪಕ್ಷವನ್ನು ಸೇರದೆ, 1938ರಲ್ಲಿ ಇಬ್ಬರು ಯೆಹೂದಿ ಹುಡುಗರನ್ನು ಬಚ್ಚಿಟ್ಟು ಕಾಪಾಡಿದವನು ಅವನು. 1981ರ ಏಪ್ರಿಲ್ 12ರಂದು ಲೂಯಿಸನು ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚಕ್ಕೂ ಷ್ಮೆಲಿಂಗನು ಕೈಜೋಡಿಸಿದನೆಂದು ಹೇಳುತ್ತಾರೆ. ದೇಶವು ವಿಶೇಷಾನುಮತಿಯಿಂದ ಆರ್ಲಿಂಗ್ಟನ್ನಿನ ಸೈನಿಕರ ರುದ್ರಭೂಮಿಯಲ್ಲಿ ಲೂಯಿಸನಿಗೆ ಎಡೆ ಕೊಟ್ಟಿತು. ಜಯಘೋಷ ಮಾಡಿದವರು ಲಕ್ಷಾಂತರ. ಊಟಕ್ಕೇನೆಂದು ಕೇಳಿದವರಲ್ಲಿ ಒಬ್ಬನು, ಅವನ ಕೈಯ ಪೆಟ್ಟು ತಿಂದವನು.

ಪೆಟ್ಟಿಗೆ ಈಗ ನನ್ನ ಕೋಣೆಯಲ್ಲಿದೆ. ಶಾರದಾಂಬೆಯ ಬಣ್ಣ ಮಾಸಿದೆ. ಲೂಯಿಸನ ಮುಖ ಗುರುತು ಸಿಕ್ಕದಷ್ಟು ಹಳದಿಯಾಗಿದೆ. 1951ರ ಕಥೆಯು ತಂದೆಯವರಿಗೆ ತಿಳಿಯದೆ ಇರಲಿಲ್ಲವೆಂದೇ ನನ್ನ ನಂಬಿಕೆ. ಅದನ್ನು ಹೇಳಿದ್ದರೆ ತಮ್ಮ ಕಥೆಯನ್ನೂ ಹೇಳಬೇಕಾಗುತ್ತಿದ್ದಿತು.