ಟ್ರಂಕು ಮತ್ತು ಡಿಸ್ಕು

ಯಾಪಲದಿನ್ನಿಯಂಥ ಊರಿನಲ್ಲಿ ಒಂದು ಮನೆಯ ಆಸ್ತಿ ಎಷ್ಟೆಂದು ತಿಳಿಯಲು ಹೊಲಕ್ಕೇ ಹೋಗಬೇಕಾಗಿಲ್ಲ, ಮಂಚದ ಕೆಳಗಿನ ಟ್ರಂಕನ್ನು ಎಳೆದರೂ ಸಾಕು. ಪಹಣಿ, ಅಂಕಪಟ್ಟಿ, ಜಾತಿ-ಆದಾಯದ ಪ್ರಮಾಣಪತ್ರ, ಮದುವೆಯ ವಿಡಿಯೊ ಕ್ಯಾಸೆಟ್ಟು, ಎಲ್ಲದರ ಮೇಲೆ 371(ಜೆ) ಪ್ರಮಾಣಪತ್ರ. 2013ರಿಂದ ಈ ಭಾಗದ ಮಕ್ಕಳಿಗೆ ಕಾಲೇಜಿನ ಸೀಟಿನಲ್ಲೂ ಸರ್ಕಾರಿ ನೌಕರಿಯಲ್ಲೂ ಮೀಸಲು ಸಿಗುತ್ತಿರುವುದು ಆ ಒಂದು ಕಾಗದದ ಬಲದಿಂದ. ಹೀಗಾಗಿ ಟ್ರಂಕಿನ ಕೀಲಿಕೈ ತಾಯಿಯ ಸೆರಗಿನ ತುದಿಯಲ್ಲಿ.

ಇಂಥದೊಂದು ಮನೆಗೆ, ರಾಯಚೂರಿನಲ್ಲಿ ಡಿಗ್ರಿ ಓದುವ ಮಗಳು ಹೊಸ ಬೇಡಿಕೆಯೊಂದನ್ನು ತಂದಳು. ಮನೆಯಲ್ಲಿ ನಾಲ್ಕು ಮೊಬೈಲು, ನಾಲ್ಕೂ ತುಂಬಿವೆ. ಫೋಟೊಗಳನ್ನು ಗೂಗಲ್ಲಿನಲ್ಲಿ ಇಟ್ಟರಾಯಿತೆಂದರೆ, 2021ರ ಜೂನ್ 1ರಿಂದ ಅವೂ 15 ಜಿಬಿಯ ಉಚಿತ ಲೆಕ್ಕಕ್ಕೇ ಸೇರುತ್ತಿವೆ. ಹೆಚ್ಚು ಬೇಕಾದವರು ತಿಂಗಳು ತಿಂಗಳೂ ಬಾಡಿಗೆ ಕಟ್ಟಬೇಕು. ಅದಕ್ಕೆ ಅವಳು ಕಂಡುಕೊಂಡ ದಾರಿ, ವೈ-ಫೈ ರೂಟರಿಗೆ ಜೋಡಿಸುವ ಒಂದು ಸಣ್ಣ ಪೆಟ್ಟಿಗೆ. ಒಳಗೆ ಹಾರ್ಡ್ ಡಿಸ್ಕು. ಮನೆಯ ಎಲ್ಲ ಮೊಬೈಲುಗಳ ಫೋಟೊ, ಕಾಗದಪತ್ರಗಳ ಸ್ಕ್ಯಾನು ತಂತಿಯಿಲ್ಲದೆ ಅಲ್ಲಿಗೇ ಹೋಗಿ ಕೂಡುತ್ತವೆ. ಅಂಗಡಿಯವರ ಬಾಯಲ್ಲಿ ಅದು ‘ನ್ಯಾಸ್’.

ತಂದೆ ನಿವೃತ್ತ ಮಾಸ್ತರರು. ಅವರು ಮೊದಲು ಕೇಳಿದ್ದು ಬೆಲೆ. ಪೆಟ್ಟಿಗೆಯ ಬೆಲೆಯಲ್ಲಿ ಡಿಸ್ಕು ಸೇರಿಲ್ಲವೆಂದು ಗೊತ್ತಾದಾಗ ಅವರ ಮುಖ ನೋಡುವಂತಿತ್ತು. “ಗಾಡಿಗೊಂದು ರೊಕ್ಕ, ಗಾಲಿಗೊಂದು ರೊಕ್ಕ ಅಂದಂಗಾತಲ್ಲವಾ?”

“ಹಂಗಲ್ಲಪ್ಪಾ, ಡಿಸ್ಕ್ ನಮಗ ಬೇಕಾದಷ್ಟು ದೊಡ್ಡದು ನಾವ ಹಾಕ್ಕೋಬೋದು.”

ಹಳೆಯ ಕಂಪ್ಯೂಟರನ್ನೇ ಇದಕ್ಕೆ ದುಡಿಸಬಹುದಲ್ಲ ಎಂಬ ಮಾತೂ ಬಂತು. ಬರುವಂಥದೇ. ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಅದೂ ನ್ಯಾಸ್ ಆಗುತ್ತದೆ. ಆದರೆ 70 ವಾಟ್ ತಿನ್ನುವ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 50 ಯೂನಿಟ್. 15 ವಾಟಿನ ಸಣ್ಣ ಪೆಟ್ಟಿಗೆಗೆ 11 ಸಾಕು. 2023ರಲ್ಲಿ ಬಂದ ಗೃಹಜ್ಯೋತಿಯ ಮಿತಿಯನ್ನು ಬೆರಳ ಮೇಲೆ ಎಣಿಸುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ನಿಜವಾದ ಜಗಳ ಹತ್ತಿದ್ದು ಡಿಸ್ಕುಗಳ ಸಂಖ್ಯೆಯ ಮೇಲೆ. ಮಗಳಿಗೆ ಎರಡು ಡಿಸ್ಕಿನ ಪೆಟ್ಟಿಗೆಯೇ ಆಗಬೇಕು. ಒಂದರಲ್ಲಿ ಬರೆದದ್ದು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಮೂಡುತ್ತದೆ, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಇದಕ್ಕೆ ರೇಡ್ ಎಂದು ಹೆಸರು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ಬರೆದ ಪ್ರಬಂಧದಲ್ಲಿ ಆ ಹೆಸರಿನ ಒಂದಕ್ಷರ ‘ಅಗ್ಗದ’ ಎಂಬುದಕ್ಕಿತ್ತು. ಮುಂದೆ ವ್ಯಾಪಾರಿಗಳಿಗೆ ಅಗ್ಗವೆಂಬ ಮಾತು ರುಚಿಸದೆ ಅದು ‘ಸ್ವತಂತ್ರ’ ಎಂದಾಯಿತು. ಮಾಸ್ತರರಿಗೆ ಹಿಡಿಸಿದ್ದು ಹಳೆಯ ಅರ್ಥವೇ.

ಆದರೂ ಅವರು ಒಪ್ಪಲಿಲ್ಲ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿದಾಗ ಮಾನ್ವಿ ಕಡೆಯ ಬೀಗರ ಮನೆಯ ಟ್ರಂಕು ನೀರು ಕುಡಿದಿತ್ತು. ಅದರೊಳಗಿನ ಅಂಕಪಟ್ಟಿಗಳ ನಕಲಿಗಾಗಿ ಆ ಮನೆಯ ಹುಡುಗ ಒಂದು ವರ್ಷ ಅಲೆದ. “ಬೀಜದ ಜೋಳ ಎರಡು ಚೀಲ ಮಾಡಿ ಎರಡನ್ನೂ ಒಂದ ಹಗೇವಿನ್ಯಾಗ ಇಳಿಸಿದ್ರ, ನೀರು ಹೊಕ್ಕಾಗ ಎರಡೂ ಕೊಳಿತಾವ,” ಎಂದರು. ಮಗಳು ಸುಮ್ಮನಾದಳು, ಏಕೆಂದರೆ ಮಾತು ಸರಿಯಾಗಿತ್ತು. ಜೋಡಿ ಡಿಸ್ಕು ಕಾಯುವುದು ಡಿಸ್ಕು ಕೆಡುವುದರಿಂದ ಮಾತ್ರ. ಕೈತಪ್ಪಿ ಅಳಿಸಿದ ಫೋಟೊ ಎರಡರಲ್ಲೂ ಅಳಿಯುತ್ತದೆ. ಸಿಡಿಲಿಗೆ, ಕಳ್ಳನಿಗೆ ಪೆಟ್ಟಿಗೆ ಒಂದೇ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ಕುತಂತ್ರಾಂಶ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಸಾವಿರಾರು ನ್ಯಾಸ್‌ಗಳಿಗೆ ಬೀಗ ಜಡಿದು ಹಣ ಕೇಳಿತ್ತು.

ಹೀಗೆ ಒಂದೇ ಡಿಸ್ಕಿನ ಪೆಟ್ಟಿಗೆ, ಉಳಿದ ಹಣಕ್ಕೆ ಹೊರಗಿನಿಂದ ಚುಚ್ಚುವ ಇನ್ನೊಂದು ಡಿಸ್ಕು ಎಂದು ತೀರ್ಮಾನವಾಯಿತು. ತಿಂಗಳಿಗೊಮ್ಮೆ ಅದರಲ್ಲಿ ನಕಲು ತೆಗೆದು ರಾಯಚೂರಿನ ಸೋದರತ್ತೆಯ ಮನೆಯಲ್ಲಿ ಇಡುವುದು. ಅಷ್ಟನ್ನೂ ಇಂಟರ್ನೆಟ್ಟಿನಲ್ಲೇ ಏರಿಸೋಣವೆಂದರೆ, ಸೆಕೆಂಡಿಗೆ 5 ಮೆಗಾಬಿಟ್ ಏರುವ ಊರಿನಲ್ಲಿ 500 ಜಿಬಿಗೆ ಬಿಡುವಿಲ್ಲದೆ ಒಂಬತ್ತು ದಿನ ಬೇಕು. ಬಸ್ಸೇ ವೇಗ.

ಅಂಗಡಿಯಲ್ಲಿ ಯಾರೂ ಹೇಳದ ಎರಡು ವಿಷಯಗಳಿದ್ದವು. ಒಂದು ಬಿಸಿಲು. ಇಂಥ ಬಹುತೇಕ ಪೆಟ್ಟಿಗೆಗಳ ಕೈಪಿಡಿ, ಕೋಣೆಯ ಶಾಖ 40 ಡಿಗ್ರಿ ಮೀರಬಾರದೆನ್ನುತ್ತದೆ. ರಾಯಚೂರು ಜಿಲ್ಲೆಯ ಏಪ್ರಿಲ್-ಮೇ ತಿಂಗಳು ಆ ಕೈಪಿಡಿಯನ್ನು ಓದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ತಾನಾಗಿಯೇ ಮಲಗುವಂತೆ ಮಗಳು ಅದಕ್ಕೆ ವೇಳೆ ಗೊತ್ತುಮಾಡಿದಳು. ಮನೆಯವರೂ ಮಲಗುವ ಹೊತ್ತೇ ಅದು. ಇನ್ನೊಂದು ಕರೆಂಟು. 1985ರಿಂದ ಶಕ್ತಿನಗರದ ಸ್ಥಾವರ ರಾಜ್ಯಕ್ಕೆಲ್ಲ ವಿದ್ಯುತ್ ಕೊಡುತ್ತಿರಬಹುದು, ಪಕ್ಕದ ಹಳ್ಳಿಯಲ್ಲಿ ದೀಪ ಹೋಗುವುದು ನಿಂತಿಲ್ಲ. ಬರೆಯುವಾಗ ಕರೆಂಟು ಹೋದರೆ ಕಡತ ಹಾಳಾಗುತ್ತದೆ. ಹಾಗಾಗಿ ಒಂದು ಸಣ್ಣ ಯುಪಿಎಸ್ಸಿನ ಖರ್ಚೂ ಸೇರಿತು.

ತಾಯಿ ಕೊನೆಯಲ್ಲಿ ಕೇಳಿದ್ದು ಒಂದೇ ಮಾತು: “ಹಂಗಾದ್ರ ಟ್ರಂಕ್ ಬ್ಯಾಡೇನು?” ಬೇಕು. ಸ್ಕ್ಯಾನು ನಕಲಷ್ಟೆ, ಕಚೇರಿಯಲ್ಲಿ ಮೂಲ ಪ್ರತಿ ಕೇಳುತ್ತಾರೆ. ಕೀಲಿಕೈ ಸೆರಗಿನಲ್ಲೇ ಉಳಿಯಿತು. ಕಾಗದಗಳ ಸ್ಕ್ಯಾನು ಎರಡು ಭಾನುವಾರಗಳಲ್ಲಿ ಮುಗಿಯಿತು. ಮದುವೆಯ ಕ್ಯಾಸೆಟ್ಟು ಮಾತ್ರ ಹಾಗೇ ಇದೆ. ಅದನ್ನು ಓಡಿಸಲು ಬರುವ ವಿಸಿಆರ್ ರಾಯಚೂರಿನಲ್ಲಿ ಯಾರ ಬಳಿಯಾದರೂ ಇದೆಯೇ ಎಂದು ಮಾಸ್ತರರು ವಿಚಾರಿಸುತ್ತಿದ್ದಾರೆ.